ಮಳೆ ಇಲ್ಲದ ದಿನವೂ ಗಟಾರ ಹರಿಯುತ್ತಿದ್ದರೆ

ರಂಗಪಂಚಮಿಯ ಮಧ್ಯಾಹ್ನ ಹುಬ್ಬಳ್ಳಿಯ ಯಾವುದಾದರೂ ಓಣಿಯ ಗಟಾರದ ದಂಡೆಗೆ ನಿಂತು ನೋಡಿ. ಹಲಗಿ ಸದ್ದು ನಿಂತು, ಮಂದಿ ಮನೆ ಸೇರಿ, ಬಚ್ಚಲಲ್ಲಿ ಮೈ ತಿಕ್ಕಿಕೊಳ್ಳುವ ಹೊತ್ತದು. ಬೀದಿಗೆ ಚೆಲ್ಲಿದ ಬಣ್ಣ ಆಗಲೇ ಒಣಗಿರುತ್ತದೆ. ಆದರೂ ಕಟ್ಟೆಯ ಕೆಳಗಿನ ನಾಲ್ಕಿಂಚಿನ ಪೈಪೊಂದರಿಂದ ಗುಲಾಬಿ ನೀರು ಬಿಟ್ಟುಬಿಟ್ಟು ಬರುತ್ತದೆ, ಎರಡು ಮನೆ ಆಚೆ ಇನ್ನೊಂದರಿಂದ ಹಸಿರು. ಹೋದ ವರ್ಷ ನಮ್ಮ ಓಣಿಯಲ್ಲಿ ನಾನು ಎಣಿಸಿದ್ದು ಒಂಬತ್ತು ಪೈಪು. ಒಂಬತ್ತನೆಯದು ನಮ್ಮದೇ.

ಇಂಜಿನಿಯರುಗಳು ಇದನ್ನೇ ಬಣ್ಣದ ಪರೀಕ್ಷೆ ಅನ್ನುತ್ತಾರೆ. ಯಾವ ಮನೆಯ ಕೊಳಚೆ ಎಲ್ಲಿಗೆ ಹೋಗುತ್ತದೆಂದು ತಿಳಿಯಲು ಬಚ್ಚಲಿಗೆ ಬಣ್ಣ ಸುರಿದು ಹೊರಗೆ ಕಾಯುವುದು. ನಮ್ಮ ಊರು ಆ ಕೆಲಸವನ್ನು ವರ್ಷಕ್ಕೊಮ್ಮೆ ಪುಕ್ಕಟೆ ಮಾಡಿಕೊಡುತ್ತದೆ, ನೋಡುವವರಿಲ್ಲ ಅಷ್ಟೇ.

ಇಂಥ ಪೈಪುಗಳನ್ನು ಹುಡುಕಿ ಸರಿಮಾಡಿಸುವ ಕೆಲಸಕ್ಕೆ ಇಳಿಯುವ ಮುನ್ನ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಊರಿನ ನೀರಿಗೆ ಎರಡು ದಾರಿ. ರಸ್ತೆ ಬದಿಯ ಗಟಾರ ಇರುವುದು ಮಳೆ ನೀರಿಗೆ. ಅದು ನಾಲಾ ಸೇರುತ್ತದೆ, ನಡುವೆ ಎಲ್ಲೂ ಶುದ್ಧವಾಗುವುದಿಲ್ಲ. ರಸ್ತೆಯ ಕೆಳಗಿನ ಒಳಚರಂಡಿ, ಅಂದರೆ ನಾವು ಯುಜಿಡಿ ಅನ್ನುವುದು, ಪಾಯಿಖಾನೆ, ಬಚ್ಚಲ, ಅಡುಗೆಮನೆಯ ನೀರಿಗೆ. ಅದು ಹೋಗಬೇಕಾದದ್ದು ಸಂಸ್ಕರಣಾ ಘಟಕಕ್ಕೆ: ಹುಬ್ಬಳ್ಳಿಯದು ಗಬ್ಬೂರಿನಲ್ಲಿದೆ, ಧಾರವಾಡದ್ದು ಮಡಿಹಾಳದಲ್ಲಿ. ಕಳ್ಳ ಸಂಪರ್ಕ ಎಂದರೆ ಎರಡನೆಯ ದಾರಿಯ ನೀರನ್ನು ಮೊದಲನೆಯದಕ್ಕೆ ಬಿಡುವುದು. ತಿರುಗುಮುರುಗೂ ನಡೆಯುತ್ತದೆ, ಆ ಮಾತಿಗೆ ಆಮೇಲೆ ಬರುತ್ತೇನೆ.

ಗಟಾರಕ್ಕೆ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ? ಉಣಕಲ್ ಕೆರೆಯಿಂದ ಹೊರಟ ನಾಲಾ ಊರನ್ನು ಸೀಳಿಕೊಂಡು ಬಿಡ್ನಾಳ, ಗಬ್ಬೂರಿನ ಕಡೆ ಹೋಗುತ್ತದೆ. ಅಲ್ಲಿನ ರೈತರು ದಶಕಗಳಿಂದ ಇದೇ ನೀರನ್ನು ಪಂಪಿನಿಂದ ಎತ್ತಿ ಕಾಯಿಪಲ್ಲೆ ಬೆಳೆಯುತ್ತಾರೆ. ಬೇಸಿಗೆಯಲ್ಲೂ ಬತ್ತದ ನೀರು, ಗೊಬ್ಬರದ ಖರ್ಚೂ ಕಡಿಮೆ ಎಂಬುದು ಅವರ ಲೆಕ್ಕ. ಅದನ್ನು ಅಭ್ಯಾಸ ಮಾಡಲು ವಿದೇಶದಿಂದ ಸಂಶೋಧಕರೂ ಬಂದು ಹೋಗಿದ್ದಾರೆ. ನಾವು ಬಿಟ್ಟ ಸಾಬೂನು, ಗ್ರೀಸು, ಮಲ ಎಲ್ಲವೂ ಬದನೆಕಾಯಿ, ಪಾಲಕ್ ಸೊಪ್ಪಿನ ಬುಡಕ್ಕೆ ಹೋಗಿ ಸಂತೆಯ ದಾರಿಯಲ್ಲಿ ನಮ್ಮ ಮನೆಗೇ ವಾಪಸ್ ಬರುತ್ತದೆ.

ಮೊದಲು ನಿಮ್ಮ ಮನೆ

ದೂರು ಬರೆಯುವ ಪೆನ್ನು ಕೆಳಗಿಡಿ. ಒಂದು ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿಯನ್ನು ಧಾರಾಳವಾಗಿ ಬೆರೆಸಿ ಬಚ್ಚಲಿಗೆ ಸುರಿಯಿರಿ. ಮನೆಯವರೊಬ್ಬರು ಗಟಾರದ ಹತ್ತಿರ ನಿಂತಿರಲಿ. ಗಟಾರಕ್ಕೆ ನೀಲಿ ಬಂದರೆ ಸಂಪರ್ಕ ತಪ್ಪಾಗಿದೆ. ಅಡುಗೆಮನೆ, ಪಾಯಿಖಾನೆ, ಹಿತ್ತಲಿನ ತೊಳೆಯುವ ಕಲ್ಲು, ಒಂದೊಂದನ್ನೂ ಬೇರೆ ಬೇರೆ ನೋಡಬೇಕು, ನಡುವೆ ಕಾಲು ತಾಸು ಬಿಟ್ಟು. ಹೆಚ್ಚಿನ ಮನೆಗಳಲ್ಲಿ ಸಿಕ್ಕಿಬೀಳುವುದು ವಾಷಿಂಗ್ ಮೆಷಿನ್. ಮನೆ ಕಟ್ಟಿದಾಗ ಅದು ಇರಲಿಲ್ಲ. ಆಮೇಲೆ ತಂದು ಮಾಳಿಗೆಯಲ್ಲೋ ಪಡಸಾಲೆಯ ಮೂಲೆಯಲ್ಲೋ ಇಟ್ಟಾಗ, ಹತ್ತಿರ ಸಿಕ್ಕ ಮಳೆನೀರಿನ ಪೈಪಿಗೆ ಅದರ ಸೊಂಡಿಲು ಸಿಕ್ಕಿಸಿದ್ದು. ನಮ್ಮ ಮನೆಯ ಒಂಬತ್ತನೇ ಪೈಪಿನ ಕತೆಯೂ ಇದೇ. ಪ್ಲಂಬರ್ ಅರ್ಧ ದಿನದಲ್ಲಿ ಸರಿಮಾಡಿದ.

ಈಗ ತಿರುಗುಮುರುಗಿನ ಮಾತು. ಮಾಳಿಗೆಯ ಮಳೆನೀರನ್ನು ಯುಜಿಡಿ ಚೇಂಬರಿಗೆ ಬಿಟ್ಟವರು ಬಹಳ, 'ನೀರು ತಾನೇ, ಎಲ್ಲಿ ಹೋದರೇನು' ಅನ್ನುವವರೂ ಬಹಳ. ಲೆಕ್ಕ ಹಾಕೋಣ. ಮೂವತ್ತು ನಲವತ್ತರ ನಿವೇಶನದ ಮಾಳಿಗೆ ಅಂದರೆ ಸುಮಾರು 111 ಚದರ ಮೀಟರ್. 50 ಮಿಲಿಮೀಟರ್ ಮಳೆ ಬಿದ್ದರೆ ಐದೂವರೆ ಸಾವಿರ ಲೀಟರ್ ನೀರು. ನಗರ ನೀರು ಸರಬರಾಜಿನ ಮಾನದಂಡ ತಲೆಗೆ ದಿನಕ್ಕೆ 135 ಲೀಟರ್, ಅದರಲ್ಲಿ ಶೇ 80ರಷ್ಟು ಕೊಳಚೆಯಾಗುತ್ತದೆ ಎಂದು ಹಿಡಿದರೆ ಐದು ಜನರ ಮನೆಯ ಕೊಳಚೆ ದಿನಕ್ಕೆ 540 ಲೀಟರ್. ಒಂದು ದೊಡ್ಡ ಮಳೆಗೆ ಒಂದು ಮನೆ ಹತ್ತು ದಿನದ ಕೊಳಚೆಗೆ ಸಮನಾದ ನೀರನ್ನು ಒಂದೆರಡು ತಾಸಿನಲ್ಲಿ ಆ ಕೊಳವೆಗೆ ತುರುಕಿದ ಹಾಗಾಯಿತು. ಕೊಳವೆಯ ಅಳತೆ ಅಷ್ಟಕ್ಕಲ್ಲ. ತಗ್ಗಿನ ಓಣಿಯಲ್ಲಿ ಚೇಂಬರಿನ ಮುಚ್ಚಳ ಎದ್ದು, ಹೊಲಸು ಯಾರದೋ ಅಂಗಳಕ್ಕೆ ನುಗ್ಗುತ್ತದೆ. ಮಾಳಿಗೆಯ ಪೈಪು ಗಟಾರಕ್ಕೋ ಇಂಗುಗುಂಡಿಗೋ ಹೋಗಲಿ.

ಓಣಿಯ ನಡಿಗೆ

ಮಳೆ ಬಿಟ್ಟು ಮೂರು ದಿನ ಕಳೆದಿರಬೇಕು. ಬೆಳಗಿನ ಆರರಿಂದ ಎಂಟು ಒಳ್ಳೆಯ ಹೊತ್ತು, ಎಲ್ಲ ಮನೆಯ ಬಚ್ಚಲೂ ಆಗ ಎಚ್ಚರ. ಇನ್ನೊಂದು ಎಚ್ಚರಿಕೆ ನಮ್ಮ ಊರಿಗೆ ಮಾತ್ರ ಸಲ್ಲುವಂಥದ್ದು: ನಳ ಬರುವ ದಿನ ಹೋಗಬೇಡಿ. ವಾರದಿಂದ ಕಾದವರ ಟಾಕಿ ತುಂಬಿ ಹರಿದು ಗಟಾರವೆಲ್ಲ ತಿಳಿನೀರಾಗಿರುತ್ತದೆ, ಕೊಳಚೆ ಯಾವುದು ತಿಳಿಯುವುದಿಲ್ಲ.

ಮಳೆಯಿಲ್ಲದ ದಿನ ಮಳೆಗಟಾರ ಒಣಗಿರಬೇಕು. ಹರಿಯುತ್ತಿದ್ದರೆ ಬಣ್ಣ, ವಾಸನೆ, ನೊರೆ ನೋಡಿ. ಹಾಲು ಕಲಸಿದಂಥ ಬೂದು ನೀರು ಬಚ್ಚಲದ್ದು. ಪೈಪಿನ ಬಾಯಿಗೆ ಬಿಳಿಬೂದಿ ಎಳೆಗಳು ಗಡ್ಡದ ಹಾಗೆ ಜೋತಿದ್ದರೆ ಅಲ್ಲಿ ಕೊಳಚೆ ಬಹಳ ದಿನದಿಂದ ಹರಿಯುತ್ತಿದೆ. ಮೇಲೆ ಕಾಮನಬಿಲ್ಲಿನ ಪೊರೆ ಇದ್ದರೆ ಎಣ್ಣೆ, ಗ್ಯಾರೇಜಿನ ಕಡೆ ನಡೆಯಿರಿ. ತಣ್ಣಗಾದ ಡಾಲ್ಡಾದಂಥ ಜಿಡ್ಡು ಕಂಡರೆ ಖಾನಾವಳಿ.

ಮೂಲ ಹುಡುಕಲು ಇಡೀ ಗಟಾರ ನಡೆಯುವ ಅಗತ್ಯವಿಲ್ಲ. ನಡುವಿನ ಸಿಡಿ, ಅಂದರೆ ಗಟಾರ ದಾಟುವ ಸಣ್ಣ ಮೋರಿಯ ಹತ್ತಿರ ನಿಲ್ಲಿ. ಮೇಲ್ಬದಿ ಒಣಗಿದ್ದು ಕೆಳಬದಿ ಒದ್ದೆ ಇದ್ದರೆ ನೀರು ಕೆಳಗಿನ ಅರ್ಧದಲ್ಲೇ ಸೇರುತ್ತಿದೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ನಾಲ್ಕನೇ ಸಲಕ್ಕೆ ಎರಡು ಮೂರು ಮನೆಗೆ ಬಂದು ನಿಲ್ಲುತ್ತೀರಿ.

ಎಲ್ಲವೂ ಕಳ್ಳತನವಲ್ಲ ಎಂಬುದೂ ತಲೆಯಲ್ಲಿರಲಿ. ಹುಬ್ಬಳ್ಳಿಯ ಬಹುಭಾಗ ಎರೆಮಣ್ಣು. ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಹಳೆಯ ಕೊಳವೆಗಳ ಕೀಲು ಅದರೊಂದಿಗೆ ಅಲುಗಿ ಬಿಚ್ಚಿಕೊಂಡು, ಕೊಳಚೆ ಮಣ್ಣೊಳಗಿನಿಂದ ಗಟಾರದ ಗೋಡೆಗೆ ಜಿನುಗಬಹುದು. ಗೋಡೆಯ ಬಿರುಕಿನಿಂದ ಒಸರುತ್ತಿದ್ದರೆ ದೂರು ಪಾಲಿಕೆಯ ಕೊಳವೆಯ ಮೇಲೆ, ಮನೆಯ ಮೇಲಲ್ಲ. ಒಳಚರಂಡಿಯೇ ಬರದ ಓಣಿಗಳೂ ಇವೆ. ಅಲ್ಲಿಯವರ ಮೇಲೆ ದೂರು ಬರೆಯುವುದು ಅನ್ಯಾಯ, ಅವರ ಜೊತೆ ಸೇರಿ ಯುಜಿಡಿ ಬೇಡಿ.

ಚೇಂಬರಿನ ಮುಚ್ಚಳ ಮಾತ್ರ ಎತ್ತಬೇಡಿ, ಯಾರನ್ನೂ ಇಳಿಸಬೇಡಿ. ಒಳಗೆ ಜಲಜನಕದ ಸಲ್ಫೈಡ್ ಎಂಬ ವಿಷಾನಿಲ ಹೆಚ್ಚಿದ್ದರೆ ಎರಡು ಉಸಿರಿಗೆ ಮನುಷ್ಯ ಕುಸಿಯುತ್ತಾನೆ. ರಕ್ಷಣಾ ಸಾಧನಗಳಿಲ್ಲದೆ ಆಳನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. 'ನಮ್ಮ ಕಡೆ ಒಬ್ಬ ಹುಡುಗ ಇದ್ದಾನ್ರೀ, ಇನ್ನೂರು ಕೊಟ್ರ ಇಳಿತಾನ' ಅನ್ನುವ ಮಾತು ನಾನೇ ಕೇಳಿದ್ದೇನೆ. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ.

ದೂರಿಗೆ ಬೇಕಾದ ದಾಖಲೆ

ಒಂದು ಫೋಟೊ ಸಾಲದು. ಮೂರು ಬೇರೆ ಬೇರೆ ದಿನ, ಅದೇ ಜಾಗ, ಸಮಯ ಕಾಣುವಂತೆ ತೆಗೆಯಿರಿ. ವಿದ್ಯುತ್ ಕಂಬದ ಸಂಖ್ಯೆ ಚಿತ್ರದಲ್ಲಿ ಬಂದರೆ ಇನ್ನೂ ಒಳ್ಳೆಯದು, ಏಕೆಂದರೆ 'ಗುಡಿ ಹಿಂದಿನ ಓಣಿ' ಎಂಬ ವಿಳಾಸ ಇಂಜಿನಿಯರಿಗೆ ಎಂದೂ ಸಿಗುವುದಿಲ್ಲ. ಮನುಷ್ಯರ ಮುಖ ಬೇಡ, ಪೈಪು ಸಾಕು. ಬಾಟಲಿಯಲ್ಲಿ ನೀರು ಹಿಡಿದು ಲ್ಯಾಬಿಗೆ ಓಡುವುದೂ ಬೇಡ. ಜಲ ಮಾಲಿನ್ಯ ತಡೆಯುವ ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ನೋಟಿಸ್ ಕೊಟ್ಟು ತೆಗೆದ ಮಾದರಿಗೇ ನ್ಯಾಯಾಲಯದಲ್ಲಿ ಬೆಲೆ.

ಮನೆಯ ಸಂಪರ್ಕವಾದರೆ ಮೊದಲು ಮಾತಾಡಿ. ಅರ್ಧ ಜನರಿಗೆ ತಮ್ಮ ಪೈಪು ಎಲ್ಲಿಗೆ ಹೋಗುತ್ತದೆಂದೇ ಗೊತ್ತಿರುವುದಿಲ್ಲ, ನನಗೆ ಗೊತ್ತಿರಲಿಲ್ಲವಲ್ಲ. ಕೇಳದಿದ್ದರೆ ಪಾಲಿಕೆಯ ವಲಯ ಕಚೇರಿಗೆ ಬರೆದುಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಹೊರಬನ್ನಿ. ಖಾನಾವಳಿ, ಹೋಟೆಲ್ ಆದರೆ ಅದೇ ಅರ್ಜಿಯ ಪ್ರತಿ ಆರೋಗ್ಯ ನಿರೀಕ್ಷಕರಿಗೂ ಹೋಗಲಿ. ಅವರ ವ್ಯಾಪಾರ ಪರವಾನಗಿ ಪಾಲಿಕೆಯ ಕೈಯಲ್ಲಿದೆ, ನೋಟಿಸಿಗಿಂತ ಆ ಕಾಗದದ ಭಯ ದೊಡ್ಡದು. ಕೇಳಬೇಕಾದದ್ದು ಜಿಡ್ಡು ಹಿಡಿಯುವ ಗುಂಡಿ: ತೊಳೆದ ನೀರು ಅದರಲ್ಲಿ ನಿಂತು, ಜಿಡ್ಡು ಮೇಲೆ ತೇಲಿ, ತಿಳಿ ಮಾತ್ರ ಕೆಳಗಿನ ಕೊಳವೆಯಿಂದ ಯುಜಿಡಿಗೆ ಹೋಗುತ್ತದೆ. ಗುಂಡಿ ಇದ್ದರೆ ಸಾಲದು, ಜಿಡ್ಡು ತೆಗೆಯುತ್ತಿರಬೇಕು.

ಗ್ಯಾರೇಜು, ಬಣ್ಣದ ಘಟಕ, ಕಾರ್ಖಾನೆಯಾದರೆ ಧಾರವಾಡದಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ. ಬಳಸಿದ ಇಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯ, ನೋಂದಾಯಿತ ಮರುಬಳಕೆದಾರರಿಗೇ ಕೊಡಬೇಕು. 1974ರ ಜಲ ಕಾಯ್ದೆಯ 24ನೇ ಕಲಮು ಮಲಿನ ವಸ್ತುವನ್ನು ಹೊಳೆ, ಬಾವಿ, ಚರಂಡಿಗೆ, ನೆಲಕ್ಕೂ ಬಿಡಬಾರದೆನ್ನುತ್ತದೆ. 'ಅದು ಒಣ ಹಳ್ಳ, ಹೊಳೆ ಅಲ್ಲ' ಎಂದು ಯಾರಾದರೂ ವಾದಿಸಿದರೆ ಅದೇ ಕಾಯ್ದೆಯ 2(ಜೆ) ತೋರಿಸಿ: ಸದ್ಯಕ್ಕೆ ಬತ್ತಿದ ಜಲಮಾರ್ಗವೂ ಅದರಲ್ಲಿ ಸೇರಿದೆ.

ಅರ್ಜಿ ನಾಲ್ಕು ಸಾಲು ಇರಲಿ: 'ಇಂಥ ಓಣಿ, ಇಂಥ ಸಂಖ್ಯೆಯ ಕಂಬದ ಎದುರು, ಮಳೆಗಟಾರಕ್ಕೆ ನಾಲ್ಕಿಂಚಿನ ಪೈಪಿನಿಂದ ಕೊಳಚೆ ಬೀಳುತ್ತಿದೆ. ಈ ಮೂರು ದಿನ, ಈ ಸಮಯಕ್ಕೆ ನೋಡಿದ್ದೇನೆ, ಚಿತ್ರ ಲಗತ್ತಿಸಿದೆ. ಸ್ಥಳ ಪರಿಶೀಲಿಸಿ, ಸಂಪರ್ಕವನ್ನು ಒಳಚರಂಡಿಗೆ ಬದಲಿಸಲು ನೋಟಿಸ್ ಕೊಡಿ. ಕೈಗೊಂಡ ಕ್ರಮ ಬರಹದಲ್ಲಿ ತಿಳಿಸಿ.' ದುರ್ನಾತ, ಸೊಳ್ಳೆ, ಪ್ರಧಾನಮಂತ್ರಿಯವರ ಸ್ವಚ್ಛ ಭಾರತ, ಯಾವುದೂ ಬೇಡ.

ಉತ್ತರ ಬರದಿದ್ದರೆ

'ಅದು ನಮಗ ಬರಂಗಿಲ್ರೀ' ಎಂಬುದು ಮೊದಲ ಉತ್ತರವಾಗಿರುತ್ತದೆ. ರಾಜ್ಯ ಸರ್ಕಾರದ ದೂರು ಸಹಾಯವಾಣಿ ಜನಸ್ಪಂದನದ 1902ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಆಮೇಲೆ ಮಾಹಿತಿ ಹಕ್ಕು: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ನಮ್ಮ ಮಂದಿ ಇಲ್ಲೇ ಸೋಲುತ್ತಾರೆ, ಊರಿನ ಎಲ್ಲ ಸಂಕಟವನ್ನೂ ಒಂದೇ ಅರ್ಜಿಗೆ ತುಂಬಿ. ಕೇಳಬೇಕಾದದ್ದು ಇಷ್ಟೇ: ನನ್ನ ದೂರಿನ ಮೇಲೆ ಸ್ಥಳ ಪರಿಶೀಲನೆ ಯಾವತ್ತು ಆಯಿತು, ವರದಿಯ ಪ್ರತಿ ಕೊಡಿ. ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸುವ ಹಕ್ಕೂ ಮಾಹಿತಿ ಹಕ್ಕು ಕಾಯ್ದೆಯಲ್ಲಿದೆ, ಅಲ್ಲಿಯೂ ಅದು 2(ಜೆ)ಯಲ್ಲೇ.

'ಅನುದಾನ ಇಲ್ಲ' ಎಂದರೆ ಮಧ್ಯಪ್ರದೇಶದ ರತ್ಲಾಂ ನೆನಪಿಸಿ. ತೆರೆದ ಚರಂಡಿಯ ಹೊಲಸು, ಮದ್ಯದ ಕಾರ್ಖಾನೆಯ ಕೊಳಚೆ ತಾಳಲಾರದೆ ಅಲ್ಲಿನ ನಿವಾಸಿಗಳು ದಂಡಾಧಿಕಾರಿಯ ಬಳಿ ಹೋದರು. ನಗರಸಭೆ ಹಣವಿಲ್ಲ ಎನ್ನುತ್ತ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಆ ನೆಪವನ್ನು ಒಪ್ಪಲಿಲ್ಲ. ಅಂದು ನಿವಾಸಿಗಳು ಬಳಸಿದ್ದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು. 2024ರ ಜುಲೈನಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 152. ಸಾರ್ವಜನಿಕ ಉಪದ್ರವ ತೆಗೆಸುವಂತೆ ಕಾರ್ಯನಿರ್ವಾಹಕ ದಂಡಾಧಿಕಾರಿಯನ್ನು ಕೇಳಲು ಇಂದಿಗೂ ಅದೇ ದಾರಿ.

ಕೊನೆಗೊಂದು ದಿನ ಗ್ಯಾಂಗ್ ಬಂದು ಪೈಪಿನ ಬಾಯಿಗೆ ಸಿಮೆಂಟ್ ಮೆತ್ತಿ ಹೋಗುತ್ತದೆ. ಅಂದೇ ದೂರು ಮುಗಿಯಿತೆಂದು ಸಹಿ ಮಾಡಬೇಡಿ. ಬಾಯಿ ಮುಚ್ಚಿದರೆ ಸಾಲದು, ಆ ಪೈಪು ಚೇಂಬರಿಗೆ ಕೂಡಬೇಕು. ನಮ್ಮ ಓಣಿಯ ಖಾನಾವಳಿಯ ಪೈಪಿಗೆ ಸಿಮೆಂಟ್ ಮೆತ್ತಿದ್ದು ಸೋಮವಾರ. ಗುರುವಾರ ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿದರೆ, ಮೆತ್ತಿದ್ದು ಹಾಗೇ ಇತ್ತು, ಎರಡು ಕಲ್ಲು ಆಚೆ ಬಂಡೆಯ ಸಂದಿನಿಂದ ಸಾಂಬಾರಿನ ಬಣ್ಣದ ನೀರು ಇಳಿಯುತ್ತಿತ್ತು. ಹಳೆಯ ದೂರಿನ ಸಂಖ್ಯೆ ಹಾಕಿ ಹೊಸ ಫೋಟೊ ಲಗತ್ತಿಸಿದೆ.