ವರ್ಡ್‌ಪ್ರೆಸ್‌ನಲ್ಲಿ ಅರ್ಧಕ್ಕೇ ತುಂಡಾಗುವ ಕನ್ನಡ ಕೊಂಡಿ

ವೆಬ್‌ಸೈಟ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಉದ್ದ ಕನ್ನಡ ಶೀರ್ಷಿಕೆಯ ಪೋಸ್ಟ್‌ಗಳ ಕೊಂಡಿ ನಡುವೆಯೇ ತುಂಡಾಗುತ್ತಿತ್ತು. ಒಂದೇ ಪದಗಳಿಂದ ಶುರುವಾಗುವ ಶೀರ್ಷಿಕೆಗಳಿಗೆ ಕೊನೆಯಲ್ಲಿ 2, 3 ಅಂಟಿಕೊಳ್ಳುತ್ತಿತ್ತು. ಪ್ಲಗಿನ್‌ಗಳನ್ನೆಲ್ಲ ನಿಲ್ಲಿಸಿದರೂ ಅಷ್ಟೇ.

ಕೊಂಡಿಯಲ್ಲಿ ಶೀರ್ಷಿಕೆಯಿಂದ ಆಗುವ ಭಾಗವೇ ಸ್ಲಗ್. ಡೇಟಾಬೇಸ್‌ನಲ್ಲಿ ಅದಕ್ಕೆ ಇರುವ ಜಾಗ 200 ಅಕ್ಷರ. ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆ 3 ಬೈಟ್. ಕೊಂಡಿಯಲ್ಲಿ ಪ್ರತಿ ಬೈಟ್ ಶೇಕಡಾ ಗುರುತಿನೊಂದಿಗೆ (%E0 ಹೀಗೆ) 3 ಅಕ್ಷರವಾಗಿ ಎನ್‌ಕೋಡ್ ಆಗುವುದರಿಂದ ಒಂದು ಚಿಹ್ನೆ 9 ಅಕ್ಷರದ ಜಾಗ ತಿನ್ನುತ್ತದೆ. ಅಂದರೆ 22 ಚಿಹ್ನೆಗೇ ಮುಗಿಯಿತು. ಒತ್ತಕ್ಷರವಿದ್ದರೆ ಇನ್ನೂ ಬೇಗ: ‘ಸ್ತ್ರೀ’ ಒಂದರಲ್ಲೇ 6 ಚಿಹ್ನೆಗಳಿವೆ.

ಎಡಿಟರ್‌ನ ಬಲಬದಿಯ ಸೆಟ್ಟಿಂಗ್ಸ್‌ನಲ್ಲಿ ಸ್ಲಗ್ ಜಾಗಕ್ಕೆ ರೋಮನ್ ಲಿಪಿಯಲ್ಲಿ ಮೂರು-ನಾಲ್ಕು ಪದ ಬರೆದ ಮೇಲೆ ಸರಿಹೋಯಿತು. ಪ್ರಕಟಿಸುವ ಮೊದಲೇ ಬರೆಯುವುದು ಮೇಲು. ಪ್ರಕಟವಾದ ಪೋಸ್ಟ್‌ನ ಹಳೆಯ ಸ್ಲಗ್ಗನ್ನು ವರ್ಡ್‌ಪ್ರೆಸ್ ನೆನಪಿಟ್ಟು ಓದುಗರನ್ನು ಹೊಸದಕ್ಕೆ ಕಳಿಸುತ್ತದೆ. ಪೇಜ್‌ಗಳಿಗೆ (‘ನಮ್ಮ ಬಗ್ಗೆ’ಯಂಥ ಸ್ಥಿರ ಪುಟಗಳಿಗೆ) ಆ ಏರ್ಪಾಡಿಲ್ಲ, 301 ರೀಡೈರೆಕ್ಟನ್ನು (ಹಳೆಯ ಕೊಂಡಿಯಿಂದ ಹೊಸದಕ್ಕೆ ಶಾಶ್ವತವಾಗಿ ಕಳಿಸುವ ಸೂಚನೆಯನ್ನು) ನಾವೇ ಹಾಕಬೇಕು.