ರೇಸ್ ಇಂಜೆಕ್ಷನ್ ಹಾಕಿದ ಗಾಡಿಯಲ್ಲಿ ದಿನಾ ಓಡಾಟ: ನನ್ನ ಅನುಭವ

ಮೆಕ್ಯಾನಿಕಲ್ ಇಂಜೆಕ್ಷನ್ ಗಾಡಿ, ಅಂದರೆ ಕಂಪ್ಯೂಟರ್ ಇಲ್ಲದೆ ಬರೀ ಪಂಪ್, ವಾಲ್ವ್‌ಗಳಿಂದ ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಗಾಡಿ, ರಸ್ತೆಗೆ ಆಗಲ್ಲ ಅಂತ ನನಗೆ ಹೇಳದವರೇ ಇಲ್ಲ. "ಅದು ಫುಲ್ ಆಕ್ಸೆಲರೇಟರ್‌ಗೆ ಮಾಡಿದ್ದು ಮಾರಾಯ, ಸಿಗ್ನಲ್ ಸಿಗ್ನಲ್‌ಗೂ ಪ್ಲಗ್ ಬಿಚ್ಚುತ್ತಾ ಕೂರ್ತೀಯ. ಸುಮ್ನೆ ಕಂಪ್ಯೂಟರ್ ಹಾಕಿಸು" ಅಂದ ಗೆಳೆಯ. ಮೊದಲ ಎರಡು ವರ್ಷ ಅವನ ಮಾತೇ ನಿಜವಾಯಿತು. ಈಗ ಅದೇ ಗಾಡಿಯಲ್ಲಿ ದಿನಾ ಕೆಲಸಕ್ಕೆ ಹೋಗಿ ಬರುತ್ತೇನೆ. 14 ಸಾವಿರ ಕಿಲೋಮೀಟರ್ ಹತ್ತಿರ ಆಗಿದೆ.

ಎಂಜಿನ್ 5.7 ಲೀಟರ್ ವಿ8, ಸ್ವಲ್ಪ ದೊಡ್ಡ ಕ್ಯಾಮ್ (ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುವಂಥದ್ದು). ಸಿಲಿಂಡರಿಗೊಂದರಂತೆ ಗಾಳಿ ಎಳೆಯುವ ಎಂಟು ಕೊಳವೆ (ಸ್ಟ್ಯಾಕ್), ಕ್ಯಾಮ್ ವೇಗದಲ್ಲಿ ತಿರುಗುವ ಗೇರ್ ಪಂಪ್, ಆಕ್ಸೆಲರೇಟರ್ ಜೊತೆ ತಿರುಗಿ ಪೆಟ್ರೋಲ್ ಅಳೆಯುವ ಬ್ಯಾರಲ್ ವಾಲ್ವ್, ಮಿಕ್ಕ ಪೆಟ್ರೋಲ್ ಪಿಲ್ ಅನ್ನುವ ಅಳತೆಯ ತೂತು ದಾಟಿ ಟ್ಯಾಂಕಿಗೆ ವಾಪಸ್; ಪಿಲ್ ದೊಡ್ಡದಾದಷ್ಟು ಎಂಜಿನ್‌ಗೆ ಪೆಟ್ರೋಲ್ ಕಡಿಮೆ. ಇದು ರೇಸ್ ಗಾಡಿಗಳ ಹಿಲ್ಬೋರ್ನ್ ಮಾದರಿ. ಅದರ ತೊಂದರೆ ಇದು. ಪಂಪ್‌ಗೆ ಆರ್‌ಪಿಎಂ ಗೊತ್ತು, ಬ್ಯಾರಲ್ ವಾಲ್ವ್‌ಗೆ ನಮ್ಮ ಕಾಲು ಎಷ್ಟು ಒತ್ತಿದೆ ಅಂತ ಗೊತ್ತು. ಎಂಜಿನ್ ಮೇಲೆ ಲೋಡ್ ಎಷ್ಟಿದೆ ಅಂತ ಎರಡಕ್ಕೂ ಗೊತ್ತಿಲ್ಲ. ಹಾಗಾಗಿ ಫುಲ್ ಥ್ರಾಟಲ್‌ಗೆ ಸರಿಯಾದ ಪಿಲ್ ಹಾಕಿದರೆ ಮೆತ್ತಗೆ ಹೋಗುವಾಗ ವಿಪರೀತ ರಿಚ್, ಅಂದರೆ ಗಾಳಿಗೆ ಪೆಟ್ರೋಲ್ ಜಾಸ್ತಿ. 80ರ ವೇಗದಲ್ಲಿ ವೈಡ್‌ಬ್ಯಾಂಡ್ ಮೀಟರ್ (ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅಂತ ಹೇಳುವುದು) 10.5 ತೋರಿಸುತ್ತಿತ್ತು, 14ರ ಆಸುಪಾಸು ಇರಬೇಕಿತ್ತು. ಲೀಟರಿಗೆ 3 ಕಿಲೋಮೀಟರ್ ಕೊಟ್ಟರೆ ಪುಣ್ಯ.

ಮೊದಲ ದೊಡ್ಡ ಪೆಟ್ಟು ಬಿದ್ದಿದ್ದು ಆಯಿಲ್‌ನಿಂದ. ಒಂದು ದಿನ ಡಿಪ್‌ಸ್ಟಿಕ್ ಎಳೆದರೆ ಲೆವೆಲ್ ಮೇಲಕ್ಕೆ ಬಂದಿತ್ತು. ಬೆರಳಿಗೆ ಹಚ್ಚಿಕೊಂಡು ಉಜ್ಜಿದೆ, ನೀರಿನ ಹಾಗೆ ಜಾರಿತು, ಮೂಗಿಗೆ ಹಿಡಿದರೆ ಬರೀ ಪೆಟ್ರೋಲ್. ಎಂಜಿನ್ ಆಫ್ ಮಾಡಿದ ಮೇಲೂ ಪೆಟ್ರೋಲ್ ನಾಝಲ್‌ಗಳಿಗೆ ಇಳಿದು ಸಿಲಿಂಡರ್ ಗೋಡೆ ತೊಳೆದು ಕೆಳಗೆ ಸೇರುತ್ತಿತ್ತು. ಕಂಡುಹಿಡಿಯುವ ಹೊತ್ತಿಗೆ ಬೇರಿಂಗ್ ಹೋಗಿತ್ತು. ರಿಪೇರಿಗೆ ಎರಡು ತಿಂಗಳ ಸಂಬಳ ಪೂರ್ತಿ ಹೋಯಿತು. 1954ರ ಮರ್ಸಿಡಿಸ್ 300ಎಸ್‌ಎಲ್‌ಗೂ ಇದೇ ಕಾಯಿಲೆ ಇತ್ತು ಅಂತ ಆಮೇಲೆ ಓದಿದೆ. ಈಗ ಪಂಪ್ ಆದ ಮೇಲೆ ಒಂದು ಶಟ್‌ಆಫ್ ವಾಲ್ವ್ ಇದೆ. ನಾನು ಕೀ ತಿರುಗಿಸಿ ಎಂಜಿನ್ ನಿಲ್ಲಿಸುವುದಿಲ್ಲ. ಮೊದಲು ಪೆಟ್ರೋಲ್ ಕಟ್, ಎಂಜಿನ್ ತಾನಾಗೇ ನಿಂತ ಮೇಲೆ ಇಗ್ನಿಷನ್. ಇದೊಂದು ಅಭ್ಯಾಸದಿಂದ ಆಯಿಲ್ ಅರ್ಧದಷ್ಟು ಸುಧಾರಿಸಿತು. ಉಳಿದ ಅರ್ಧ ಆ ರಿಚ್ ಕಾಟ.

ಅದಕ್ಕೆ ಎಲ್ಲರ ಹಾಗೆ ನಾನೂ ದೊಡ್ಡ ಪಿಲ್ ಹಾಕಿ ನೋಡಿದೆ. ಮೆತ್ತಗೆ ಓಡುವಾಗ ಸರಿ, ಕಾಲು ಒತ್ತಿದರೆ ಲೀನ್, ಅಂದರೆ ಪೆಟ್ರೋಲ್ ಸಾಲದು. ಚಿಕ್ಕ ನಾಝಲ್ ಹಾಕಿದೆ. ಐಡಲ್‌ನಲ್ಲಿ ಪೆಟ್ರೋಲ್ ಹನಿಯುವುದು ನಿಂತು ಚೆನ್ನಾಗಿ ಚದುರಿತು, ಅದನ್ನು ಉಳಿಸಿಕೊಂಡೆ. ಬ್ಯಾರಲ್ ವಾಲ್ವ್‌ನ ಒಳಗೆ ತಿರುಗುವ ಸ್ಪೂಲ್ ಅನ್ನೇ ಕೈಯಲ್ಲಿ ಉಜ್ಜಿ ಆಕಾರ ಬದಲಿಸಲು ಹೋಗಿ ಮೂರು ಸ್ಪೂಲ್ ಹಾಳು ಮಾಡಿದೆ. ನಾಲ್ಕನೆಯದು ಸರಿಯಾಯಿತು. ಅದರ ಅಳತೆ ನನ್ನ ಹತ್ತಿರವೇ ಇರಲಿ, ಆ ಮೂರು ಸ್ಪೂಲ್‌ಗೆ ಕೊಟ್ಟ ದುಡ್ಡು ಇನ್ನೂ ನೆನಪಿದೆ.

ದಾರಿ ಕಂಡಿದ್ದು ಬ್ರೇಕ್‌ನಿಂದ. ಎಂಟು ಬಟರ್‌ಫ್ಲೈ (ಗಾಳಿ ತಡೆಯುವ ತಟ್ಟೆ) ಬೇರೆ ಬೇರೆ ಇದ್ದರೆ ಒಂದೇ ಗಾಳಿ ಕೊಳವೆಯಿಂದ ಬ್ರೇಕ್ ಹಗುರ ಮಾಡುವ ಬೂಸ್ಟರ್‌ಗೆ ಸಾಕಷ್ಟು ವ್ಯಾಕ್ಯೂಮ್ ಸಿಗಲ್ಲ. ಎಂಟರಿಂದಲೂ ಸಣ್ಣ ಟ್ಯೂಬ್ ಎಳೆದು ಒಂದು ಡಬ್ಬಿಗೆ ಸೇರಿಸಿದೆ. ಗೇಜ್ ಮುಳ್ಳು ಮೊದಲ ಸಲ ಅಲುಗಾಡದೆ ನಿಂತಿತು. ಐಡಲ್‌ನಲ್ಲಿ 8 ಇಂಚು (ಪಾದರಸದ ಲೆಕ್ಕ), ಮೆತ್ತಗೆ ಓಡುವಾಗ 14, ಕಾಲು ಪೂರ್ತಿ ಒತ್ತಿದರೆ ಸೊನ್ನೆ ಹತ್ತಿರ. ಪಂಪ್‌ಗೆ ತಿಳಿಯದ ಲೋಡ್ ಇಲ್ಲಿ ಕಾಣುತ್ತಿತ್ತು. ಕ್ಯಾಮ್ ದೊಡ್ಡದಾದ್ದರಿಂದ ಐಡಲ್‌ಗಿಂತ ಓಟದಲ್ಲೇ ಜಾಸ್ತಿ. ಅಂದರೆ 10 ಇಂಚು ದಾಟಿದಾಗ ತೆರೆಯುವ ಒಂದು ಬೈಪಾಸ್ ಇಟ್ಟರೆ ಐಡಲ್‌ಗೂ ಫುಲ್ ಥ್ರಾಟಲ್‌ಗೂ ಅದು ಮುಚ್ಚಿಯೇ ಇರುತ್ತದೆ, ನಡುವೆ ಮಾತ್ರ ತೆರೆದು ಎಂಜಿನ್‌ಗೆ ಹೋಗುವ ಪೆಟ್ರೋಲ್ ಕಡಿಮೆ ಮಾಡುತ್ತದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ವ್ಯಾಕ್ಯೂಮ್ ಎಳೆದರೆ ಬಾಗುವ ಡಯಾಫ್ರಾಮ್ (ತೆಳು ಪೊರೆ) ಒಂದು, ಅದಕ್ಕೆ ದಾರಿ ತೆರೆದು ಮುಚ್ಚುವ ಸೂಜಿ, ಸ್ಪ್ರಿಂಗ್. ಪಿಲ್ ಪಕ್ಕದಲ್ಲೇ ಇನ್ನೊಂದು ರಿಟರ್ನ್ ದಾರಿ. ಡಯಾಫ್ರಾಮ್ ಎಳೆಯುವ ವ್ಯಾಕ್ಯೂಮ್ ಸಿಗ್ನಲ್ ಅನ್ನು ಬ್ರೇಕ್ ಡಬ್ಬಿಯಿಂದಲೇ ತೆಗೆದುಕೊಂಡೆ. ಅದೇ ತಪ್ಪು. ಆ ಡಬ್ಬಿಗೆ ಚೆಕ್ ವಾಲ್ವ್ (ಒಂದೇ ಕಡೆಗೆ ಬಿಡುವ ವಾಲ್ವ್) ಇದೆ ಅಲ್ವಾ, ವ್ಯಾಕ್ಯೂಮ್ ಒಳಗೇ ಉಳಿಯುತ್ತದೆ. ಓವರ್‌ಟೇಕ್ ಮಾಡಲು ಕಾಲು ಒತ್ತಿದೆ, ಬೈಪಾಸ್ ಮುಚ್ಚಲೇ ಇಲ್ಲ. ಎಂಜಿನ್ ಲೀನ್ ಆಗಿ ಸ್ಟ್ಯಾಕ್‌ನಿಂದ ಢಮ್ ಅಂತ ವಾಪಸ್ ಹೊಡೆಯಿತು. ಧೂಳಿಗೆ ಅಂತ ಸ್ಟ್ಯಾಕ್ ಮೇಲೆ ಫೋಮ್ ಸಾಕ್ಸ್ ಹಾಕಿದ್ದೆ. ಕ್ಯಾಮ್ ದೊಡ್ಡದಿದ್ದರೆ ಕೆಲವು ಆರ್‌ಪಿಎಂನಲ್ಲಿ ಸ್ಟ್ಯಾಕ್ ಬಾಯಿಯ ಮೇಲೆ ಪೆಟ್ರೋಲ್ ಮಂಜಿನಂತೆ ತೇಲುತ್ತದೆ, ನೋಡಿರುತ್ತೀರಿ. ಅದನ್ನು ಹೀರಿಕೊಂಡು ಒದ್ದೆಯಾಗಿದ್ದ ಸಾಕ್ಸ್ ಭಗ್ ಅಂತ ಹತ್ತಿಕೊಂಡಿತು. ಸೀಟಿನ ಪಕ್ಕ ಫೈರ್ ಎಕ್ಸ್‌ಟಿಂಗ್ವಿಷರ್ ಇತ್ತು, ಗಾಡಿ ಉಳಿಯಿತು. ಬಾನೆಟ್ ಬಣ್ಣ, ವೈರಿಂಗ್, ಹೋಸ್ ಎಲ್ಲ ಮತ್ತೆ ಹೊಸದು. ಲೆಕ್ಕ ಹಾಕಿದರೆ ಆ ದುಡ್ಡಿಗೆ ಒಂದು ಒಳ್ಳೆಯ ಇಸಿಯು (ಎಂಜಿನ್ ಕಂಪ್ಯೂಟರ್) ಸೆಟ್ ಬರುತ್ತಿತ್ತು. ಈಗ ಸಾಕ್ಸ್ ಇಲ್ಲ. ಸ್ಟ್ಯಾಕ್‌ಗಳನ್ನು ಪೂರ್ತಿ ಮುಚ್ಚುವ ದೊಡ್ಡ ಏರ್‌ಬಾಕ್ಸ್ ಮಾಡಿ ಫಿಲ್ಟರ್ ಅನ್ನು ದೂರ ಇಟ್ಟಿದ್ದೇನೆ.

ಸಿಗ್ನಲ್‌ಗೆ ಬೇರೆಯೇ ಪುಟ್ಟ ಡಬ್ಬಿ ಕೊಟ್ಟೆ, ಚೆಕ್ ವಾಲ್ವ್ ಇಲ್ಲದೆ. ಆಗ ಮೀಟರ್ 14ಕ್ಕೆ ಬಂದು ಕೂತಿತು, ಕಾಲು ಒತ್ತಿದೊಡನೆ 12.5. ಕಾಲು ಪೂರ್ತಿ ಎತ್ತಿದರೆ ವ್ಯಾಕ್ಯೂಮ್ 20 ದಾಟಿ ಸೂಜಿ ಜಾಸ್ತಿ ತೆರೆದು ಸೈಲೆನ್ಸರ್ ಪಟಪಟ ಅನ್ನುತ್ತಿತ್ತು. ಅದಕ್ಕೆ ಸೂಜಿಯ ಓಟ ತಡೆಯುವ ಒಂದು ಸ್ಕ್ರೂ ಸಾಕಾಯಿತು. ಸ್ಪ್ರಿಂಗ್ ಯಾವುದು ಅಂತ ಮಾತ್ರ ಕೇಳಬೇಡಿ, ನಿಮ್ಮ ಕ್ಯಾಮ್‌ಗೆ ಹೊಂದುವುದನ್ನು ನೀವೇ ಹುಡುಕಬೇಕು. ಈಗ ಲೀಟರಿಗೆ 6 ಕೊಡುತ್ತದೆ, ಹೈವೇಯಲ್ಲಿ ಇನ್ನೂ ಸ್ವಲ್ಪ ಮೇಲೆ.

ನಡುವೆ ಸ್ಟ್ಯಾಕ್ ಉದ್ದದ ಆಟವೂ ಆಡಿದೆ. 5 ಸೆಂಟಿಮೀಟರ್ ಉದ್ದ ಮಾಡಿದರೆ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಬಂತು, ಮೇಲಿನ ಆರ್‌ಪಿಎಂನಲ್ಲಿ ಕಡಿಮೆಯಾಯಿತು. ರಸ್ತೆಗೆ ಉದ್ದದ್ದೇ ವಾಸಿ ಅಂತ ಬಿಟ್ಟಿದ್ದೇನೆ. ಎಂಟೂ ಬಟರ್‌ಫ್ಲೈ ಸಮವಾಗಿ ತೆರೆಯುವಂತೆ ಅವನ್ನು ಜೋಡಿಸುವ ಸರಳುಗಳ (ಲಿಂಕೇಜ್) ಬ್ಯಾಲೆನ್ಸ್ ಅನ್ನು ತಣ್ಣಗಿರುವಾಗ ಮಾಡಿ ಒಂದು ವಾರ ಒದ್ದಾಡಿದೆ. ಎಂಜಿನ್ ಬಿಸಿಯಾಗಿ ಹಿಗ್ಗಿದರೆ ಎರಡು ಬದಿಯ ಬಟರ್‌ಫ್ಲೈ ಸಮ ಇರಲ್ಲ. 20 ನಿಮಿಷ ಓಡಿಸಿ, ಬಿಸಿ ಇರುವಾಗಲೇ ಮಾಡಿ.

ಕೋಲ್ಡ್ ಸ್ಟಾರ್ಟ್‌ಗೆ ಬಾಟಲಿಯಲ್ಲಿ ಪೆಟ್ರೋಲ್ ಚಿಮುಕಿಸುವುದು ಬಿಟ್ಟೆ, ಸಣ್ಣ ಎಲೆಕ್ಟ್ರಿಕ್ ಪಂಪ್ ಎರಡು ಸೆಕೆಂಡ್ ಒತ್ತಿದರೆ ಸಾಕು. ಎತ್ತರದ ಬೆಟ್ಟಕ್ಕೆ ಹೋದರೆ ಮಾತ್ರ ಇವತ್ತಿಗೂ ಪಿಲ್ ಬದಲಿಸಬೇಕು, 1000 ಮೀಟರ್ ಏರಿದರೆ ಗಾಳಿ 10 ಪರ್ಸೆಂಟ್ ತೆಳುವಾಗುತ್ತದೆ, ಪಂಪ್‌ಗೆ ಅದು ತಿಳಿಯಲ್ಲ. ಎರಡು ಸೈಜ್ ದೊಡ್ಡ ಪಿಲ್ ಒಂದನ್ನು ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತೇನೆ, ಬದಲಿಸಲು ಐದು ನಿಮಿಷ. ಹೋದ ತಿಂಗಳು ಆ ಗೆಳೆಯನೇ ಪಕ್ಕದಲ್ಲಿ ಕೂತು ಮೀಟರ್ ನೋಡುತ್ತಾ ಬಂದ. ಇಳಿಯುವಾಗ ಡಯಾಫ್ರಾಮ್ ಯಾವ ಗಾಡಿಯದ್ದು ಅಂತ ಕೇಳಿದ.