ಮಳೆಗಾಲದಲ್ಲೂ ಹದ ತಪ್ಪದ ಹಣ್ಣಿನ ಓಟ್ಸ್: ಜೋನಿಬೆಲ್ಲ ಹಾಕಿ, ಮೊಟ್ಟೆ ಬಿಟ್ಟು

ಮೊಟ್ಟೆ ಇಲ್ಲದೆ ಓಟ್ಸ್ ಕಟ್ಟಿಕೊಳ್ಳುವುದಿಲ್ಲ, ಜೋನಿಬೆಲ್ಲ (ನೀರಾಗಿರುವ ಬೆಲ್ಲ) ಬಿದ್ದರೆ ಹಾಲು ಒಡೆಯುತ್ತದೆ, ಆಷಾಢದ ಕರೆಂಟು ನಂಬಿ ಓವನ್ ಹಚ್ಚಬಾರದು. ಸಾಗರ, ತೀರ್ಥಹಳ್ಳಿ ಕಡೆ ಹೋಂಸ್ಟೇ ಅಡುಗೆಮನೆ ನೋಡಿಕೊಳ್ಳುವವರು ಹೇಳಿದ್ದು ಈ ಮೂರು ಮಾತು. ಮೂರರಲ್ಲೂ ಅರ್ಧ ನಿಜ ಇದೆ. ಆದರೂ ನಮ್ಮ ಅಡುಗೆಮನೆಯಲ್ಲಿ ಹಣ್ಣು ಹಾಕಿ ಓವನ್ನಿನಲ್ಲಿ ಬೇಯಿಸುವ ಓಟ್ಸ್ ಈಗ ಎರಡು ಮಳೆಗಾಲದಿಂದ ವಾರಕ್ಕೆ ಮೂರು ಟ್ರೇ ತಪ್ಪದೆ ಬರುತ್ತಿದೆ. ಮೊಟ್ಟೆ, ಮೈದಾ, ಸಕ್ಕರೆ ಯಾವುದೂ ಇಲ್ಲ. ಚಾಕು ಇಳಿಸಿದರೆ ಬರ್ಫಿಯ ಹಾಗೆ ಅಂಚು ನಿಲ್ಲುತ್ತದೆ. ಅಕ್ಕಿರೊಟ್ಟಿ, ಕಡುಬು ಬಿಟ್ಟು ಬೇರೆ ಮುಟ್ಟದ ಹಿರಿಯರೂ ಎರಡನೇ ತುಂಡು ಕೇಳಿದ್ದಾರೆ.

ಮೊದಲು ಟ್ರೇ ಕೆಟ್ಟಿದ್ದೆಲ್ಲ ನೀರಿನಿಂದಲೇ. ಓಟ್ಸ್ ಎಳೆದುಕೊಂಡ ಪಸೆ, ಹಣ್ಣಿನ ರಸ, ಒಡೆದ ಹಾಲಿನ ನೀರು. ಇವನ್ನು ಒಂದೊಂದಾಗಿ ಹಿಡಿತಕ್ಕೆ ತಂದ ಮೇಲೆ ಉಳಿದದ್ದು ಸುಲಭ.

8 ಅಂಗುಲದ ಚೌಕ ಟ್ರೇಗೆ ಲೆಕ್ಕ ಇದು: ರೋಲ್ಡ್ ಓಟ್ಸ್ 200 ಗ್ರಾಂ, ಹಾಲು 350 ಎಂಎಲ್, ಚೆನ್ನಾಗಿ ಕಳಿತ ಏಲಕ್ಕಿ ಬಾಳೆಯ ತಿರುಳು 200 ಗ್ರಾಂ, ಜೋನಿಬೆಲ್ಲ 90 ಗ್ರಾಂ, ತುಪ್ಪ 30 ಗ್ರಾಂ, ಅಗಸೆ ಪುಡಿ ಒಂದೂವರೆ ಟೇಬಲ್ ಚಮಚ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ, ಉಪ್ಪು ಅರ್ಧ ಟೀ ಚಮಚಕ್ಕೆ ಸ್ವಲ್ಪ ಕಮ್ಮಿ, ಏಲಕ್ಕಿ ನಾಲ್ಕು, ಗೋಡಂಬಿ ಒಂದು ಹಿಡಿ. ಅನಾನಸು ಹೆಚ್ಚಿದ್ದು 400 ಗ್ರಾಂ. ಅದು ಬಾಡಿಸಿದ ಮೇಲೆ 250ಕ್ಕೆ ಇಳಿಯುತ್ತದೆ, ಇಳಿಯಲೇಬೇಕು.

ಓಟ್ಸ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಇನ್‌ಸ್ಟಂಟ್ ಎಂದು ಬರೆದ ಪುಡಿಪುಡಿ ಓಟ್ಸ್ ಹಾಕಿದ ಟ್ರೇ ಅಂಟಿನ ಗಂಜಿ ಆಗುತ್ತದೆ, ಎಷ್ಟು ಬೇಯಿಸಿದರೂ ಒಳಗೆ ಹಸಿ. ಸ್ಟೀಲ್‌ಕಟ್ (ಕಾಳನ್ನು ತುಂಡರಿಸಿದ್ದು) ಹಾಕಿದರೆ ಕಾಳು ಗಟ್ಟಿಯಾಗಿಯೇ ಉಳಿದು ಹಾಲೆಲ್ಲ ತಳದಲ್ಲಿ ನಿಲ್ಲುತ್ತದೆ. ಅಗಲ ಚಕ್ಕೆಯ ರೋಲ್ಡ್ ಓಟ್ಸ್ ಮಾತ್ರ. ಅದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಗೇ ಹಾಕುವಂತಿಲ್ಲ. ಪ್ಯಾಕೆಟ್ ಒಡೆದು ನಾಲ್ಕು ದಿನ ಆದರೆ ಚಕ್ಕೆ ಬೆರಳಿಗೆ ಮೆತ್ತಗೆ ಬಾಗುತ್ತದೆ, ಮುಗ್ಗಲು ವಾಸನೆ ಶುರು. ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಗೆ ಆರೇಳು ನಿಮಿಷ ಹುರಿಯಿರಿ. ಹಿಸುಕಿದರೆ ಚಕ್ಕೆ ಬಾಗದೆ ಪುಟ್ಟನೆ ಮುರಿಯಬೇಕು. ಹುರಿದು ಆರಿಸಿದ ಮೇಲೆ ತೂಕ ಮಾಡಿ. ಪಸೆ ಹಿಡಿದ ಓಟ್ಸನ್ನೇ ತೂಗಿದರೆ ನೀರನ್ನೂ ಸೇರಿಸಿ ತೂಗಿದ ಹಾಗೆ. ಕಪ್ಪಿನ ಅಳತೆ ಬಿಟ್ಟು ತಕ್ಕಡಿಗೆ ಬಂದ ದಿನದಿಂದಲೇ ಅರ್ಧ ತೊಂದರೆ ಹೋಯಿತು. ಅಡುಗೆಮನೆಯ ಡಿಜಿಟಲ್ ತಕ್ಕಡಿ 400–500 ರೂಪಾಯಿಗೆ ಸಿಗುತ್ತದೆ.

ಅನಾನಸು ಹಸಿಯಾಗಿ ಹಾಕಬೇಡಿ. ನಮಗೆ ಸೊರಬ, ಬನವಾಸಿ ಕಡೆಯ ಹಣ್ಣು ಬರುತ್ತದೆ, ರಸ ಜಾಸ್ತಿ. ಹಸಿ ತುಂಡು ಹಾಲಿಗೆ ಬಿದ್ದು ಇಪ್ಪತ್ತು ನಿಮಿಷ ನಿಂತರೆ ಮಿಶ್ರಣ ಕಹಿ ಹೊಡೆಯುತ್ತದೆ. ಆ ಹಣ್ಣಿನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುವುದೇ ಕಾರಣ. ಬೆಲ್ಲ ಎಷ್ಟು ಸುರಿದರೂ ಆ ಕಹಿ ಹೋಗದು. ಕಾಯಿಸಿದರೆ ಕಿಣ್ವ ಸಾಯುತ್ತದೆ. ಆದ್ದರಿಂದ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ತುಂಡು ಮಾಡಿ, ಒಂದು ಚಮಚ ತುಪ್ಪದಲ್ಲಿ ಸ್ಟೀಲ್ ಪಾತ್ರೆಯಲ್ಲಿ ಎಂಟು ಹತ್ತು ನಿಮಿಷ ಬಾಡಿಸಿ. ಇದಕ್ಕೆ ಕಬ್ಬಿಣದ ಬಾಣಲೆ ಬೇಡ, ಹುಳಿ ತಗುಲಿ ಹಣ್ಣು ಕಪ್ಪಾಗುತ್ತದೆ, ಕಬ್ಬಿಣದ ರುಚಿ ಬರುತ್ತದೆ. ಮೊದಲು ರಸ ಬಿಟ್ಟು ಕೊತಕೊತ ಕುದಿಯುತ್ತದೆ, ಆಮೇಲೆ ಸದ್ದು ಇಳಿದು ಸೌಟು ಎಳೆದ ದಾರಿ ತಳದಲ್ಲಿ ಹಾಗೇ ನಿಲ್ಲುತ್ತದೆ. ಆಗ ಇಳಿಸಿ, ಪೂರ್ತಿ ಆರಿಸಿ.

ಜೋನಿಬೆಲ್ಲಕ್ಕೆ ಹುಳಿ ಇದೆ, ಹುಳಿಗೆ ಬಿಸಿ ಸೇರಿದರೆ ಹಾಲು ಒಡೆಯುತ್ತದೆ. ಒಡೆದ ಟ್ರೇ ಮೇಲಿನಿಂದ ಚೆನ್ನಾಗಿಯೇ ಕಾಣುತ್ತದೆ, ಕತ್ತರಿಸಿದಾಗ ತಳದಲ್ಲಿ ಮಜ್ಜಿಗೆನೀರಿನಂಥದ್ದು ಜಿನುಗುತ್ತದೆ. ಐದಾರು ಟ್ರೇ ಹೀಗೇ ಹೋದವು. ಅಚ್ಚುಬೆಲ್ಲಕ್ಕೆ ಬದಲಿಸಿ ಎಂದರು, ಸಕ್ಕರೆ ಹಾಕಿ ಎಂದರು. ಆಲೆಮನೆಯಿಂದ ಬಂದ ಜೋನಿಬೆಲ್ಲದ ಪರಿಮಳ ಅವೆರಡರಲ್ಲೂ ಇಲ್ಲ, ಅದನ್ನು ಬಿಡುವ ಪ್ರಶ್ನೆಯೇ ಇರಲಿಲ್ಲ. ಪರಿಹಾರ ಆ ಕಾಲು ಚಮಚ ಸೋಡಾ. ಅದನ್ನು ಮೊದಲು ಜೋನಿಬೆಲ್ಲಕ್ಕೆ ಹಾಕಿ ಕದಡಿ. ನೊರೆ ಎದ್ದು, ಬಣ್ಣ ತಿರುಗಿ, ಎರಡು ನಿಮಿಷಕ್ಕೆ ಅಡಗುತ್ತದೆ. ನೊರೆ ಅಡಗಿದ ಮೇಲೇ ಹಾಲು ತೋರಿಸಬೇಕು. ಅರ್ಧ ಚಮಚ ಹಾಕಿದರೆ ಸೋಪಿನ ರುಚಿ, ಹಾಗಾಗಿ ಕೈ ಬಿಗಿ ಇರಲಿ. ತೀರಾ ಹಳೆಯ, ಮೇಲೆ ಗುಳ್ಳೆ ಎದ್ದ ಜೋನಿಬೆಲ್ಲಕ್ಕೆ ಈ ಉಪಾಯವೂ ನಡೆಯುವುದಿಲ್ಲ.

ಸೇರಿಸುವ ಕ್ರಮ: ಅಗಸೆ ಪುಡಿಯನ್ನು ನಾಲ್ಕು ಚಮಚ ನೀರಲ್ಲಿ ಹತ್ತು ನಿಮಿಷ ನೆನೆಸಿ, ಲೋಳೆ ಆಗಲಿ, ಮೊಟ್ಟೆಯ ಬದಲು ಕಟ್ಟಿಹಿಡಿಯುವುದು ಇದೇ. ಬಾಳೆ ಕಿವುಚಿ ಅದಕ್ಕೆ ಸೇರಿಸಿ, ಕರಗಿದ ತುಪ್ಪ, ಜೋನಿಬೆಲ್ಲ, ಕೊನೆಗೆ ಹಾಲು. ಕಾಯಿಸಿ ಆರಿಸಿದ ಹಾಲೇ ಬೇಕು, ಫ್ರಿಜ್ಜಿನಿಂದ ತೆಗೆದದ್ದನ್ನು ನೇರ ಸುರಿದರೆ ತುಪ್ಪ ಹರಳುಗಟ್ಟುತ್ತದೆ. ಓಟ್ಸ್, ಉಪ್ಪು, ಏಲಕ್ಕಿ ಹಾಕಿ 25 ನಿಮಿಷ ಬಿಡಿ. ರಾತ್ರಿಯಿಡೀ ನೆನೆಸಿಟ್ಟರೆ ಬೆಳಿಗ್ಗೆ ಕೆಲಸ ಕಮ್ಮಿ ಅಂತ ಅನಿಸುತ್ತದೆ, ಆದರೆ ಚಕ್ಕೆ ಕರಗಿ ಹಿಟ್ಟಾಗುತ್ತದೆ. ಹುರಿಯುವುದು, ಹಣ್ಣು ಬಾಡಿಸುವುದು ರಾತ್ರಿ, ಕಲಸುವುದು ಬೆಳಿಗ್ಗೆ. ಬೇಕಿಂಗ್ ಪೌಡರ್ ಟ್ರೇಗೆ ಸುರಿಯುವ ಮುಂಚೆ ಮಾತ್ರ. ಹಣ್ಣು ಅರ್ಧ ಒಳಗೆ, ಅರ್ಧ ಮೇಲೆ. ಗೋಡಂಬಿಯ ಜೊತೆ ಮೇಲೆ ಉದುರಿಸುವ ಒಂದು ಪುಡಿ ಇದೆ, ಅದೊಂದು ನಮ್ಮ ಅಡುಗೆಮನೆಯಲ್ಲೇ ಇರಲಿ.

ಇನ್ನು ಓವನ್. ನಮ್ಮದು 28 ಲೀಟರಿನ ಓಟಿಜಿ (ಕಾಯಿಲಿನಿಂದ ಕಾಯುವ ಚಿಕ್ಕ ಕರೆಂಟಿನ ಓವನ್), 1500 ವ್ಯಾಟ್. ಜುಲೈಯಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ ಕಾಯಿಲ್ ಕೊಡುವ ಶಾಖ ಸುಮಾರು 900 ವ್ಯಾಟಿನಷ್ಟೇ, ಏಕೆಂದರೆ ಶಾಖ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಕುಸಿಯುತ್ತದೆ. ಹನ್ನೆರಡು ನಿಮಿಷಕ್ಕೆ ಕಾಯಬೇಕಾದ ಓವನ್ನಿಗೆ 25 ನಿಮಿಷ ಬೇಕು, ಒಮ್ಮೆ ಬಾಗಿಲು ತೆಗೆದರೆ ಮತ್ತೆ ಏರುವುದು ಬಹಳ ನಿಧಾನ. ಶಾಖದ ತಿರುಗುಗುಂಡಿ 180 ಡಿಗ್ರಿ ತೋರಿಸುತ್ತಿರುತ್ತದೆ, ಒಳಗೆ 150. ಈ ಮಾತು ಹೇಳಿದರೆ ಯಾರೂ ಒಪ್ಪಲಿಲ್ಲ, ಒಳಗೆ ಇಡುವ ಥರ್ಮಾಮೀಟರ್ ತಂದು ತೋರಿಸಿದ ಮೇಲೆ ಒಪ್ಪಿದರು. ಅದನ್ನು ತನ್ನಿ, ತಿರುಗುಗುಂಡಿಯನ್ನು ಮರೆತುಬಿಡಿ. ಬೆಳಿಗ್ಗೆ ಐದಕ್ಕೆ ನಮ್ಮಲ್ಲಿ ವೋಲ್ಟೇಜ್ ಚೆನ್ನಾಗಿರುತ್ತದೆ, ಟ್ರೇ ಒಳಗೆ ಹೋಗುವುದು ಆಗಲೇ. ಥರ್ಮಾಮೀಟರಿನ ಮುಳ್ಳು 175–180 ಡಿಗ್ರಿಯಲ್ಲಿ ನಿಂತರೆ 42 ನಿಮಿಷ, ಒಮ್ಮೊಮ್ಮೆ 45. ನಡುವೆ ಬೆರಳಿಟ್ಟು ಒತ್ತಿದರೆ ಹದವಾದ ಇಡ್ಲಿಯ ಹಾಗೆ ಮೇಲೆದ್ದು ಬರಬೇಕು, ಅಂಚು ಟ್ರೇ ಬಿಟ್ಟಿರಬೇಕು. ಕಿವಿ ಹತ್ತಿರ ತಂದರೆ ಅಂಚಿನಲ್ಲಿ ಸಣ್ಣಗೆ ಚಿಟಿಚಿಟಿ ಕೇಳುತ್ತದೆ. ಬುಳುಬುಳು ಕೇಳಿದರೆ ಇನ್ನೂ ನೀರಿದೆ, ಮತ್ತೆ ಐದು ನಿಮಿಷ. ತೆಗೆದು ಇಪ್ಪತ್ತು ನಿಮಿಷ ಮುಟ್ಟಬೇಡಿ. ಕಟ್ಟಿಕೊಳ್ಳುವುದು ಆರುವಾಗಲೇ.

ನಡುವೆ ಕರೆಂಟು ಹೋದರೆ ಹತ್ತು ನಿಮಿಷ ಬಾಗಿಲು ತೆಗೆಯದೆ ಕಾಯಿರಿ. ಬರದಿದ್ದರೆ ದಪ್ಪ ತಳದ ಪಾತ್ರೆಯಲ್ಲಿ ಒಂದು ಕಿಲೋ ಕಲ್ಲುಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಗ್ಯಾಸ್ ಮೇಲೆ ಹತ್ತು ನಿಮಿಷ ಕಾಯಿಸಿ ಟ್ರೇ ಒಳಗಿಡಿ. ಮುಚ್ಚಳಕ್ಕೆ ಬಟ್ಟೆ ಕಟ್ಟುವುದು ಮರೆಯಬೇಡಿ, ಇಲ್ಲದಿದ್ದರೆ ಹಬೆನೀರು ತೊಟ್ಟಿಕ್ಕಿ ಮೇಲ್ಭಾಗ ರಾಡಿ. ಗಂಟು ಮುಚ್ಚಳದ ಮೇಲೆ ಬರಲಿ, ಬಟ್ಟೆಯ ತುದಿ ಉರಿಗೆ ಇಳಿಯಬಾರದು. ಹೀಗೆ ಬೆಂದದ್ದಕ್ಕೆ ಮೇಲೆ ಬಣ್ಣ ಬರುವುದಿಲ್ಲ. ಬಣ್ಣ ಬೇಕೆಂದರೆ ಕಡೆಯ ಹತ್ತು ನಿಮಿಷ ಬಟ್ಟೆ ಬಿಚ್ಚಿ ಕಬ್ಬಿಣದ ಮುಚ್ಚಳ ಹಾಕಿ ಮೇಲೆ ಕೆಂಡ ಹರಡಿ. ಓವನ್ನಿಗಿಂತ ಚೆಂದದ ಕೆಂಬಣ್ಣ ಬರುತ್ತದೆ. ಬಚ್ಚಲೊಲೆಯಲ್ಲಿ ಕೆಂಡ ಇದ್ದೇ ಇರುತ್ತದಲ್ಲ.

ದುಡ್ಡಿನ ಲೆಕ್ಕ ನೆನಪಿನಿಂದ: ಓಟ್ಸ್ 40, ಹಾಲು 18, ಬಾಳೆ 20, ಅನಾನಸು 20, ತುಪ್ಪ 20, ಗೋಡಂಬಿ 27, ಜೋನಿಬೆಲ್ಲ 10, ಕರೆಂಟು ಒಂದು ಯೂನಿಟ್ ಹಿಡಿದು 7. ಹತ್ತಿರ ಹತ್ತಿರ 160. ಒಂಬತ್ತು ತುಂಡು ಮಾಡಿದರೆ ತುಂಡಿಗೆ 18 ರೂಪಾಯಿ. ಹದ ಸಿಗುವ ಮೊದಲು ಹದಿನಾಲ್ಕು ಹದಿನೈದು ಟ್ರೇ ಹಾಳಾದವು, ಅಂದರೆ ಎರಡು ಸಾವಿರಕ್ಕೂ ಮೇಲೆ. ಪಾರ್ಸೆಲ್ ಕೇಳುವವರಿಗೆ ತುಂಡಿಗೆ 50 ಇಟ್ಟಿದ್ದೇವೆ, ಒಂದೇ ತಿಂಗಳಲ್ಲಿ ಆ ನಷ್ಟ ತೀರಿತು.

ಹಲಸಿನ ಪ್ರಯೋಗ ಬೇರೆಯೇ ಸಂತೋಷ. ಏಪ್ರಿಲ್, ಮೇ ತಿಂಗಳ ಹಣ್ಣು ಮಾತ್ರ, ಮಳೆ ಬಿದ್ದ ಮೇಲಿನ ಹಣ್ಣು ಸಪ್ಪೆ, ನೀರು. ಅಂಬಲಿ (ಮೆತ್ತಗಿನ ತೊಳೆಯ) ಹಲಸಿನ ತೊಳೆ ಜರಡಿಯಲ್ಲಿ ಉಜ್ಜಿ ನಾರು ತೆಗೆದ ತಿರುಳನ್ನು ಬಾಳೆಯ ಬದಲಿಗೆ ಅಷ್ಟೇ ತೂಕ ಹಾಕಿ, ಅನಾನಸಿನ ಜಾಗಕ್ಕೆ ಬಕ್ಕೆಯ (ಗಟ್ಟಿ ತೊಳೆಯ ಹಲಸು) ಸಣ್ಣ ಚೂರು. ಬೆಲ್ಲ 60 ಗ್ರಾಂ ಸಾಕು. ಟ್ರೇ ತಳಕ್ಕೆ ಅರಿಶಿನ ಎಲೆ ಹಾಸಿದರೆ ಕಡುಬಿನದೇ ಘಮ. ಅದೇ ಎಲೆ ಅನಾನಸಿಗೆ ಹಾಸಿದಾಗ ಹಣ್ಣಿನ ಪರಿಮಳ ಮುಚ್ಚಿಹೋಯಿತು, ಅದಕ್ಕೆ ಬಾಳೆಲೆಯೇ ಸರಿ. ಬಾಳೆಲೆಯನ್ನು ಉರಿಯ ಮೇಲೆ ಬಾಡಿಸಿಕೊಂಡೇ ಹಾಸಬೇಕು, ಹಸಿ ಎಲೆ ಮೂಲೆಯಲ್ಲಿ ಸೀಳುತ್ತದೆ. ಗೋಡಂಬಿ ಉಳಿಸಲು ಬೇಯಿಸಿದ ಹಲಸಿನ ಬೀಜ ಹಾಕಿದ್ದು ಬಾಯಲ್ಲಿ ಹಿಟ್ಟುಹಿಟ್ಟು. ತೆಳ್ಳಗೆ ಸೀಳಿ ತುಪ್ಪದಲ್ಲಿ ಗರಿಯಾಗಿ ಹುರಿದರೆ ನಡೆಯುತ್ತದೆ. ಮುರುಗಲು (ಕೋಕಂ) ಹಣ್ಣು ಒಳಗೆ ಹಾಕಲೇಬೇಡಿ, ಹಾಲು ಉಳಿಯುವುದಿಲ್ಲ. ಅದರ ಪಾಕವನ್ನು ಬಡಿಸುವಾಗ ಮೇಲೆ ಒಂದು ಚಮಚ ಬಿಟ್ಟರೆ ಬಹಳ ರುಚಿ.

ಮಿಕ್ಕ ತುಂಡನ್ನು ಆವತ್ತೇ ಫ್ರಿಜ್ಜಿಗೆ ಹಾಕಿ, ಮಳೆಗಾಲದಲ್ಲಿ ಹೊರಗಿಟ್ಟರೆ ಮರುದಿನಕ್ಕೆ ಬೂಷ್ಟು. ಮೂರು ದಿನ ಬರುತ್ತದೆ. ಮರುದಿನ ದೋಸೆ ಕಾವಲಿಗೆ ತುಪ್ಪ ಸವರಿ ಎರಡೂ ಬದಿ ಕೆಂಪಗೆ ಮಾಡಿ ಕೊಡಿ. ಬಿಸಿ ಟ್ರೇಯಿಂದ ಕತ್ತರಿಸಿದ್ದಕ್ಕಿಂತ ಇದನ್ನೇ ಕೇಳುವವರು ಹೆಚ್ಚು.